ಎಂಐಟಿ ಅಂತಿದೆ ಸರಿ, ಪೇಟೆಂಟ್ ಬಗ್ಗೆ ಏನು ಬರೆದಿದೆ?

ಸ್ಟಾರ್ಟಪ್‌ಗೆ ಹೂಡಿಕೆ ಬರುವ ಮುಂಚೆ ಅದರ ಕೋಡ್‌ನಲ್ಲಿ ಯಾರ್ಯಾರ ಓಪನ್ ಸೋರ್ಸ್ (ಯಾರು ಬೇಕಾದರೂ ಬಳಸಲಿ ಎಂದು ಲೈಸೆನ್ಸ್ ಹಾಕಿ ತೆರೆದಿಟ್ಟ ಕೋಡ್) ಸೇರಿದೆ ಎಂದು ಜಾಲಾಡಿ ನೋಡುವುದು ನನ್ನ ವಕೀಲಿಕೆಯ ದೊಡ್ಡ ಪಾಲು. ಪಟ್ಟಿ ಕೈಗೆ ಕೊಡುವಾಗ ಎಂಜಿನಿಯರ್‌ಗಳು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಜಿಪಿಎಲ್ ಎಲ್ಲೂ ಇಲ್ಲ ಸರ್, ಎಲ್ಲಾ ಎಂಐಟಿ, ಬಿಎಸ್‌ಡಿ. ಏನೂ ತಲೆನೋವಿಲ್ಲ." ಎಂಐಟಿ, ಬಿಎಸ್‌ಡಿ ಎಂದರೆ ಹೆಚ್ಚು ಷರತ್ತಿಲ್ಲದೆ ಕೋಡ್ ಬಳಸಲು ಬಿಡುವ ಲೈಸೆನ್ಸ್‌ಗಳು. ಜಿಪಿಎಲ್ ಆದರೆ, ಅದನ್ನು ಸೇರಿಸಿ ಹಂಚುವ ಸಾಫ್ಟ್‌ವೇರ್‌ನ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ತೆರೆದಿಡಬೇಕು. ಕಾಪಿರೈಟ್ ಮಟ್ಟಿಗೆ ಎಂಜಿನಿಯರ್‌ಗಳ ಮಾತು ನಿಜ. ಪೇಟೆಂಟ್ ಮಟ್ಟಿಗೆ ಆ ಪಟ್ಟಿ ಏನನ್ನೂ ಹೇಳುವುದಿಲ್ಲ.

ಕಾಪಿರೈಟ್ ಇರುವುದು ಬರೆದ ಕೋಡ್‌ಗೆ. ನಕಲು ಮಾಡದಿದ್ದರೆ ಅದರ ತಂಟೆ ಇಲ್ಲ. ಪೇಟೆಂಟ್ ಇರುವುದು ಕೆಲಸ ಮಾಡುವ ವಿಧಾನಕ್ಕೆ. ಒಂದೊಂದು ಸಾಲನ್ನೂ ನೀವೇ ಕೂತು ಬರೆದಿದ್ದರೂ, ಆ ವಿಧಾನಕ್ಕೆ ಬೇರೆಯವರ ಪೇಟೆಂಟ್ ಇದ್ದರೆ ಅವರು ತಡೆಯಬಹುದು. ಸೈಟಿನ ಖಾತೆ, ಕ್ರಯಪತ್ರ ಎಲ್ಲ ಪಕ್ಕಾ ಇದ್ದೂ, ಸೈಟಿಗೆ ಹೋಗುವ ದಾರಿ ಪಕ್ಕದವರ ಜಮೀನಿನಲ್ಲಿದ್ದ ಹಾಗೆ.

"ನಮ್ಮ ದೇಶದಲ್ಲಿ ಸಾಫ್ಟ್‌ವೇರ್‌ಗೆ ಪೇಟೆಂಟೇ ಇಲ್ಲ ಅಲ್ವಾ?" ಎಂದು ಕೆಲವರು ಕೇಳುತ್ತಾರೆ. ಪೂರ್ತಿ ಹಾಗಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ, ಆಲ್ಗಾರಿದಮ್‌ಗೆ ಪೇಟೆಂಟ್ ಸಿಗುವುದಿಲ್ಲ. ಆದರೆ 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಪ್ರೋಗ್ರಾಂನಿಂದ ತಾಂತ್ರಿಕ ಪರಿಣಾಮ ಉಂಟಾಗುತ್ತಿದ್ದರೆ ಅರ್ಜಿಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ ಎಂದಿತು. ಅದಿರಲಿ, ಪೇಟೆಂಟ್ ಆಯಾ ದೇಶದ ಗಡಿಯೊಳಗೆ ನಡೆಯುವಂಥದ್ದು. ಬೆಂಗಳೂರಿನಲ್ಲಿ ಬರೆದ ಸಾಫ್ಟ್‌ವೇರ್ ಅಮೆರಿಕದ ಗ್ರಾಹಕರಿಗೆ ಹೋದರೆ ಅಲ್ಲಿನ ಪೇಟೆಂಟ್ ಲೆಕ್ಕಕ್ಕೆ ಬರುತ್ತದೆ. ನನ್ನ ಹತ್ತಿರ ಬರುವ ಕಂಪನಿಗಳಲ್ಲಿ ಬಹುಪಾಲು ಮಾರುವುದು ಅಲ್ಲೇ.

ಈ ವಿಷಯ ಸಾಮಾನ್ಯ ಎಂಜಿನಿಯರ್‌ಗಳ ಊಟದ ಮೇಜಿನವರೆಗೆ ಬಂದದ್ದು 2017ರಲ್ಲಿ, ವೆಬ್‌ಸೈಟ್‌ಗಳ ಪರದೆ ಕಟ್ಟಲು ಬಳಸುವ ರಿಯಾಕ್ಟ್ ಎಂಬ ಕೋಡ್ ಲೈಬ್ರರಿಯ ಗಲಾಟೆಯಿಂದ. ಫೇಸ್‌ಬುಕ್ 2013ರಲ್ಲಿ ರಿಯಾಕ್ಟನ್ನು ಹೊರಗೆ ಬಿಟ್ಟಾಗ ಅದಕ್ಕೆ ಅಪಾಚೆ 2.0 ಎಂಬ ಇನ್ನೊಂದು ಓಪನ್ ಸೋರ್ಸ್ ಲೈಸೆನ್ಸ್ ಇತ್ತು. 2014ರಲ್ಲಿ ಅದನ್ನು ತೆಗೆದು ಬಿಎಸ್‌ಡಿ ಲೈಸೆನ್ಸ್ ಹಾಕಿದರು. ಜೊತೆಗೆ 'ಪೇಟೆಂಟ್ಸ್' ಎಂಬ ಪ್ರತ್ಯೇಕ ಫೈಲ್ ಇಟ್ಟರು. ಆ ಫೈಲ್‌ನಲ್ಲಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದಿದ್ದರು. ಫೇಸ್‌ಬುಕ್ ಹೇಳಿದ್ದರ ಸಾರ ಇಷ್ಟು: ರಿಯಾಕ್ಟ್ ಬಳಸಲು ಬೇಕಾದ ನಮ್ಮ ಪೇಟೆಂಟ್‌ಗಳನ್ನು ಪುಕ್ಕಟೆ ಬಳಸಿ. ಆದರೆ ನೀವು, ನಿಮ್ಮ ಅಂಗಸಂಸ್ಥೆಗಳು ನಮ್ಮ ಮೇಲೆ ಯಾವುದೇ ಪೇಟೆಂಟ್ ಕೇಸ್ ಹಾಕಿದರೆ ಆ ಅನುಮತಿ ತಾನಾಗಿಯೇ ರದ್ದು.

ಯಾವುದೇ ಪೇಟೆಂಟ್ ಕೇಸ್ ಎಂದರೆ ನಿಜಕ್ಕೂ ಯಾವುದೇ. ನಿಮ್ಮದು ಕ್ಯಾಮೆರಾಗೆ ಸಂಬಂಧಿಸಿದ ಪೇಟೆಂಟ್ ಎಂದುಕೊಳ್ಳಿ. ಅದನ್ನು ಫೇಸ್‌ಬುಕ್ ಕದ್ದಿದೆ ಎಂದು ನೀವು ಕೋರ್ಟಿಗೆ ಹೋದಿರಿ. ರಿಯಾಕ್ಟ್‌ಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೂ ರಿಯಾಕ್ಟ್ ಮೇಲಿನ ಪೇಟೆಂಟ್ ಅನುಮತಿ ಹೋಯಿತು. 2015ರಲ್ಲಿ ಫೈಲ್‌ನ ಮಾತುಗಳನ್ನು ತಿದ್ದಿದರು. ಫೇಸ್‌ಬುಕ್ ತಾನೇ ಮೊದಲು ಕೇಸ್ ಹಾಕಿ, ಉತ್ತರವಾಗಿ ನೀವು ರಿಯಾಕ್ಟ್‌ಗೆ ಸಂಬಂಧವಿಲ್ಲದ ಪ್ರತಿದಾವೆ ಹೂಡಿದರೆ ಅನುಮತಿ ಉಳಿಯುತ್ತದೆ ಎಂಬ ವಿನಾಯಿತಿ ಇತ್ತು. ಮೂಲ ಷರತ್ತು ಮಾತ್ರ ಹಾಗೇ ಉಳಿಯಿತು.

2017ರ ಜುಲೈನಲ್ಲಿ, ಅಪಾಚೆ ಲೈಸೆನ್ಸ್ ಬರೆದ, ಹಲವು ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನು ನಡೆಸುವ ಅಪಾಚೆ ಫೌಂಡೇಶನ್ ಈ ಲೈಸೆನ್ಸ್ ಜೋಡಿಯನ್ನು ತನ್ನ ನಿಷಿದ್ಧ ಪಟ್ಟಿಗೆ ಸೇರಿಸಿತು. ಆಗಸ್ಟ್‌ನಲ್ಲಿ ಫೇಸ್‌ಬುಕ್ ಬದಲಾಯಿಸುವುದಿಲ್ಲ ಎಂದಿತು. ಹುರುಳಿಲ್ಲದ ಕೇಸ್‌ಗಳಿಂದ ನಮ್ಮನ್ನು ಕಾಪಾಡಿಕೊಳ್ಳಲು ಇದು ಬೇಕು ಎಂಬುದು ಅವರ ವಾದ. ಸೆಪ್ಟೆಂಬರ್ ಮಧ್ಯದಲ್ಲಿ ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಸಹಸಂಸ್ಥಾಪಕ ಮ್ಯಾಟ್ ಮಲೆನ್‌ವೆಗ್, ನಾವು ರಿಯಾಕ್ಟ್ ಬಿಟ್ಟು ಬೇರೆಯದಕ್ಕೆ ಹೋಗುತ್ತೇವೆ ಎಂದು ಘೋಷಿಸಿದರು. ಆಗ ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ನಡೆಯುತ್ತಿದ್ದದ್ದು ವರ್ಡ್‌ಪ್ರೆಸ್ ಮೇಲೆ. ಸೆಪ್ಟೆಂಬರ್ 22ಕ್ಕೆ ಫೇಸ್‌ಬುಕ್ ಮಣಿಯಿತು. ರಿಯಾಕ್ಟ್ 16 ಎಂಐಟಿ ಲೈಸೆನ್ಸ್ ಹೊತ್ತು ಹೊರಬಂತು. ಎಲ್ಲರೂ ಗೆದ್ದೆವು ಎಂದರು.

ನನಗೆ ಮಾತ್ರ ಆ ಗೆಲುವಿನ ಬಗ್ಗೆ ಇವತ್ತಿಗೂ ಅನುಮಾನವಿದೆ. ಹಳೆಯ ಫೈಲ್‌ನಲ್ಲಿ ಷರತ್ತಿನ ಮೇಲಾದರೂ ಪೇಟೆಂಟ್ ಅನುಮತಿ ಬರೆದು ಕೊಟ್ಟಿದ್ದರು. ಎಂಐಟಿಯಲ್ಲಿ ಪೇಟೆಂಟ್ ಎಂಬ ಪದವೇ ಇಲ್ಲ. 'ಬಳಸಬಹುದು, ಮಾರಬಹುದು' ಎನ್ನುವ ಮಾತಿನಲ್ಲೇ ಪೇಟೆಂಟ್ ಅನುಮತಿಯೂ ಅಡಗಿದೆ ಎಂಬ ವಾದವಿದೆ. ಒಳ್ಳೆಯ ವಾದವೇ, ಕೋರ್ಟಿನಲ್ಲಿ ನಾನೂ ಅದನ್ನೇ ಹೂಡುತ್ತೇನೆ. ಆದರೆ ವಾದ ಬೇರೆ, ಬರೆದು ಕೊಟ್ಟ ಅನುಮತಿ ಬೇರೆ. ಜನ ಹೆದರಿದ್ದು ಬರೆದಿದ್ದ ಷರತ್ತು ಕಣ್ಣಿಗೆ ಕಂಡಿದ್ದರಿಂದ. ಕಾಣದೇ ಇದ್ದದ್ದಕ್ಕೆ ಯಾರೂ ಹೆದರಲಿಲ್ಲ. ಅಂದು ಕೇಳಬೇಕಿದ್ದದ್ದು ಎಂಐಟಿ ಅಲ್ಲ, ಮೊದಲಿದ್ದ ಅಪಾಚೆ 2.0.

2004ರಲ್ಲಿ ಬಂದ ಈ ಲೈಸೆನ್ಸ್‌ನ ಮೂರನೇ ಕಲಮು ಒಂದೇ ಪ್ಯಾರಾ. ಬಿಡುವಿದ್ದಾಗ ಓದಿ. ಕೋಡ್ ಕೊಟ್ಟ ಪ್ರತಿಯೊಬ್ಬರೂ ತಮ್ಮ ಪೇಟೆಂಟ್‌ಗಳನ್ನು ರಾಯಲ್ಟಿ ಇಲ್ಲದೆ ಬಳಸಲು ಬಿಡುತ್ತಾರೆ. ಆದರೆ ಎಲ್ಲಾ ಪೇಟೆಂಟ್‌ಗಳನ್ನಲ್ಲ. ಅವರು ಸೇರಿಸಿದ ಕೋಡ್‌ನಿಂದ, ಅಥವಾ ಆ ಕೋಡ್ ಅಂದಿನ ಪ್ರಾಜೆಕ್ಟ್ ಜೊತೆ ಸೇರಿದ್ದರಿಂದ ಅನಿವಾರ್ಯವಾಗಿ ತಾಗುವ ಪೇಟೆಂಟ್‌ಗಳನ್ನು ಮಾತ್ರ. ನಾಳೆ ನೀವು ಅದಕ್ಕೆ ಹೊಸ ಫೀಚರ್ ಸೇರಿಸಿ, ಅದು ಅವರ ಇನ್ನೊಂದು ಪೇಟೆಂಟ್‌ಗೆ ತಾಗಿದರೆ ರಕ್ಷಣೆ ಇಲ್ಲ. ರದ್ದಾಗುವ ಷರತ್ತೂ ಇದೆ, ಆದರೆ ಚಿಕ್ಕದು. ಇದೇ ಸಾಫ್ಟ್‌ವೇರ್ ನನ್ನ ಪೇಟೆಂಟ್ ಉಲ್ಲಂಘಿಸುತ್ತದೆ ಎಂದು ಯಾರ ಮೇಲಾದರೂ ಕೇಸ್ ಹಾಕಿದರೆ, ಆ ಸಾಫ್ಟ್‌ವೇರ್‌ಗೆ ನಿಮಗಿದ್ದ ಪೇಟೆಂಟ್ ಅನುಮತಿ ಹೋಗುತ್ತದೆ. ಕ್ಯಾಮೆರಾ ಜಗಳ ಕ್ಯಾಮೆರಾ ಜಗಳವಾಗಿಯೇ ಉಳಿಯುತ್ತದೆ.

ಜಿಪಿಎಲ್ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಪೇಟೆಂಟ್ ವಿಷಯದಲ್ಲಿ ಅದರ ಮೂರನೇ ಆವೃತ್ತಿಯಷ್ಟು ಯೋಚಿಸಿ ಬರೆದದ್ದು ಕಡಿಮೆ. 2006ರ ಆಗಸ್ಟ್‌ನಲ್ಲಿ ಅದರ ಕರಡಿನ ಚರ್ಚೆಗೆ ನಡೆದ ಅಂತರರಾಷ್ಟ್ರೀಯ ಸಮಾವೇಶಗಳಲ್ಲೊಂದು ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲೇ ಆಗಿತ್ತು. ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್‌ಮನ್ ಬಂದು ಮಾತಾಡಿದ್ದರು. ಅದೇ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್, ನೋವೆಲ್ ಕಂಪನಿಯ ಲಿನಕ್ಸ್ (ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂ) ಗ್ರಾಹಕರ ಮೇಲಷ್ಟೇ ಪೇಟೆಂಟ್ ಕೇಸ್ ಹಾಕುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡಿತು. ಉಳಿದವರ ಗತಿ? ಆ ಬಗೆಯ ಒಳ ಒಪ್ಪಂದಗಳಿಗೆ ತಡೆ ಹಾಕುವ ಸಾಲುಗಳು 2007ರ ಅಂತಿಮ ಪ್ರತಿಗೆ ಸೇರಿದವು. ಅಪಾಚೆಗಿಂತ ಜಿಪಿಎಲ್ 3 ಕಟ್ಟುನಿಟ್ಟು. ಪೇಟೆಂಟ್ ಕೇಸ್ ಹಾಕಿದರೆ ಕಾಪಿರೈಟ್ ಅನುಮತಿಗೂ ಕುತ್ತು.

ಹೆಸರು ನೋಡಿ ಲೈಸೆನ್ಸ್ ನಂಬಬಾರದು ಎನ್ನುವುದಕ್ಕೆ ನಾನು ಕೊಡುವ ಉದಾಹರಣೆ ಸಿಸ್ಕೋದ ಓಪನ್ ಎಚ್264. ಇದು ವಿಡಿಯೋ ಕೋಡೆಕ್, ಅಂದರೆ ವಿಡಿಯೋವನ್ನು ಕುಗ್ಗಿಸಿ ಮತ್ತೆ ಬಿಡಿಸುವ ಸಾಫ್ಟ್‌ವೇರ್. ಸೋರ್ಸ್ ಕೋಡ್‌ಗೆ ಇರುವುದು ಬಿಎಸ್‌ಡಿ ಲೈಸೆನ್ಸ್. ಎಚ್.264 ತಂತ್ರಕ್ಕೆ ಮಾತ್ರ ಹತ್ತಾರು ಕಂಪನಿಗಳ ಪೇಟೆಂಟ್‌ಗಳಿವೆ. ಸಿಸ್ಕೋ 2013ರಲ್ಲಿ ಮಾಡಿದ ಏರ್ಪಾಡು ಹೀಗಿದೆ: ತಾನು ಕಂಪೈಲ್ ಮಾಡಿ (ಕೋಡನ್ನು ಯಂತ್ರ ನಡೆಸಬಲ್ಲ ಬೈನರಿ ರೂಪಕ್ಕೆ ತಂದು) ಹಂಚುವ ಬೈನರಿಗೆ ರಾಯಲ್ಟಿಯನ್ನು ತಾನೇ ಕಟ್ಟುತ್ತದೆ. ಅದೇ ಕೋಡನ್ನು ನೀವು ಕಂಪೈಲ್ ಮಾಡಿ ಹಂಚಿದರೆ ಪೇಟೆಂಟ್ ಹೊಣೆ ನಿಮ್ಮದು. ಫೈರ್‌ಫಾಕ್ಸ್ ಬ್ರೌಸರ್ ಆ ಬೈನರಿಯನ್ನು ಸಿಸ್ಕೋದಿಂದಲೇ ನೇರವಾಗಿ ಇಳಿಸಿಕೊಳ್ಳುವುದು ಇದಕ್ಕೇ. ಕೋಡ್ ಅದೇ, ಕಂಪೈಲ್ ಬಟನ್ ಒತ್ತಿದ್ದು ಯಾರು ಎಂಬುದರ ಮೇಲೆ ಬಿಲ್. ವಿಡಿಯೋ ಕಾಲ್ ಆ್ಯಪ್ ಮಾಡುವವರಿಗೆ ಇದನ್ನು ಹೇಳಿದಾಗ ಮೊದಲು ನಗುತ್ತಾರೆ. ಆಮೇಲೆ ತಮ್ಮ ಬಿಲ್ಡ್ ಸ್ಕ್ರಿಪ್ಟ್ ತೆಗೆದು ನೋಡುತ್ತಾರೆ.

ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಸಿಸಿ0 ಎಂಬ ಹಕ್ಕು ಬಿಡುವ ಪತ್ರ ಕೂಡ ಹೀಗೇ. 'ಎಲ್ಲ ಹಕ್ಕು ಬಿಟ್ಟುಕೊಟ್ಟಿದ್ದೇನೆ' ಎಂಬ ಭಾವ ಬರುತ್ತದೆ. ಒಳಗೆ ಪೇಟೆಂಟ್ ಹಕ್ಕು ಬಿಟ್ಟಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಲಿನಕ್ಸ್‌ನ ಒಂದು ರೂಪವಾದ ಫೆಡೋರಾ 2022ರಲ್ಲಿ ಹೊಸ ಕೋಡ್‌ಗೆ ಸಿಸಿ0 ಬೇಡ ಎಂದದ್ದು ಆ ಸಾಲಿನಿಂದಾಗಿ.

ಕೇಸ್ ಹಾಕಿದರೆ ಅನುಮತಿ ರದ್ದು ಎನ್ನುವ ಷರತ್ತುಗಳು ಎಲ್ಲರನ್ನೂ ತಡೆಯುತ್ತವೆ ಎಂದುಕೊಳ್ಳಬೇಡಿ. ಕೋಡ್‌ನ್ನೇ ಬಳಸದವನಿಗೆ ಲೈಸೆನ್ಸ್ ರದ್ದಾದರೆ ನಷ್ಟವೇನು? 2019ರಲ್ಲಿ ರಾತ್‌ಶೀಲ್ಡ್ ಪೇಟೆಂಟ್ ಇಮೇಜಿಂಗ್ ಎಂಬ ಕಂಪನಿ, ಶಾಟ್‌ವೆಲ್ ಎಂಬ ಫೋಟೋ ಸಾಫ್ಟ್‌ವೇರ್ ಕಾರಣಕ್ಕೆ, ಲಿನಕ್ಸ್‌ಗೆ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಕೊಡುವ ಗ್ನೋಮ್ ಫೌಂಡೇಶನ್ ಮೇಲೆ ಕೇಸ್ ಹಾಕಿತು. ಪೇಟೆಂಟ್ ಇಟ್ಟುಕೊಂಡು ದಾವೆ ಹೂಡುವುದೇ ಇಂಥವರ ಕಸುಬು. ಗ್ನೋಮ್ ಚಂದಾ ಎತ್ತಿ ಹೋರಾಡಿತು. 2020ರ ಮೇನಲ್ಲಿ ರಾಜಿಯಾಯಿತು. ಓಪನ್ ಸೋರ್ಸ್ ಲೈಸೆನ್ಸ್ ಇರುವ ಸಾಫ್ಟ್‌ವೇರ್‌ಗಳ ತಂಟೆಗೆ ಬರುವುದಿಲ್ಲ ಎಂದು ಆ ಕಂಪನಿ ಒಪ್ಪಿತು. ಅಲ್ಲಿ ಕೆಲಸಕ್ಕೆ ಬಂದದ್ದು ವಕೀಲರು ಮತ್ತು ದುಡ್ಡು, ಲೈಸೆನ್ಸ್ ಅಲ್ಲ.

ಇಲ್ಲಿಯವರೆಗೂ ಬೇರೆಯವರ ಕೋಡ್ ಬಳಸುವ ಮಾತಾಯಿತು. ಈಚೆಗೆ ನಾನು ಹೆಚ್ಚು ಸಮಯ ಕಳೆಯುವುದು ಅದರ ಉಲ್ಟಾ ದಾರಿಯಲ್ಲಿ. ಬೆಂಗಳೂರಿನ ಕಂಪನಿಗಳು ಈಗ ತಾವೇ ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಹಾಕುತ್ತಿವೆ. ಅದೇ ಕಂಪನಿಯ ಹುಡುಗರು ಅಪಾಚೆ ಲೈಸೆನ್ಸ್ ಇರುವ ಪ್ರಾಜೆಕ್ಟ್‌ಗಳಿಗೆ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸುತ್ತಿರುತ್ತಾರೆ. ಕಂಪನಿಯ ಪರವಾಗಿ ಕಳಿಸಿದ ಪ್ಯಾಚ್‌ಗೆ ಕಂಪನಿಯ ಪೇಟೆಂಟ್ ತಾಗುತ್ತಿದ್ದರೆ, ಆ ಪೇಟೆಂಟ್ ಅಷ್ಟರ ಮಟ್ಟಿಗೆ ಜಗತ್ತಿಗೆಲ್ಲ ಪುಕ್ಕಟೆ. ವಾಪಸ್ ಪಡೆಯಲು ಆಗುವುದಿಲ್ಲ. ಪೇಟೆಂಟ್ ತಂಡಕ್ಕೂ ಎಂಜಿನಿಯರಿಂಗ್ ತಂಡಕ್ಕೂ ಮಾತುಕತೆಯೇ ಇಲ್ಲದ ಆಫೀಸುಗಳಲ್ಲಿ ಇದು ಗೊತ್ತಾಗುವುದು ಹೂಡಿಕೆದಾರರ ವಕೀಲರು ಕೇಳಿದಾಗಲೇ.

ಇದಕ್ಕಾಗಿ ಪ್ಯಾಚ್ ಕಳಿಸುವುದನ್ನೇ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾರು ಯಾವ ಪ್ರಾಜೆಕ್ಟ್‌ಗೆ ಕಳಿಸಬಹುದು ಎಂದು ಒಂದು ಪುಟದ ನಿಯಮ ಬರೆದಿಡಿ. ಪ್ಯಾಚ್ ಇರುವ ಜಾಗ ನಿಮ್ಮ ಬಾಕಿ ಅರ್ಜಿಯ ವಿಷಯಕ್ಕೆ ಹತ್ತಿರವಿದ್ದರೆ ಮಾತ್ರ ವಕೀಲರ ಕಣ್ಣಿಗೆ ಹಾಕಿ. ಉಳಿದದ್ದು ಹೋಗಲಿ ಬಿಡಿ. ನಿಮ್ಮದೇ ಲೈಬ್ರರಿ ಹೊರಗೆ ಬಿಡುವುದಾದರೆ ಅಪಾಚೆ 2.0 ಹಾಕಿ. ಜಿಪಿಎಲ್ 2 ಕೋಡ್ ಜೊತೆ ಅದು ಹೊಂದುವುದಿಲ್ಲ ಎಂಬ ಚಿಂತೆ ಇದ್ದರೆ ರಸ್ಟ್ ಭಾಷೆಯವರ ದಾರಿ ಇದೆ. ಅವರು ಎಂಐಟಿ, ಅಪಾಚೆ ಎರಡನ್ನೂ ಮುಂದಿಟ್ಟು, ಬೇಕಾದದ್ದನ್ನು ಆರಿಸಿಕೊಳ್ಳಿ ಎಂದು ಬಳಕೆದಾರರಿಗೇ ಬಿಟ್ಟಿದ್ದಾರೆ.