ಎದುರಾಳಿಯ ನಿಖರತೆ 96% ಬಂದರೆ ಎಂಜಿನ್ ನೋಡಿ ಆಡಿದಂತೆಯೇ?

ಪ್ರಶ್ನೆ: ಆನ್‌ಲೈನ್ ಚೆಸ್‌ನಲ್ಲಿ ನನ್ನ ರೇಟಿಂಗ್ 1200. ನನ್ನಷ್ಟೇ ರೇಟಿಂಗ್ ಇರುವವರೊಬ್ಬರು 24 ನಡೆಗಳಲ್ಲಿ ನನ್ನನ್ನು ಸೋಲಿಸಿದರು. ಆಮೇಲೆ ವಿಶ್ಲೇಷಣೆ ತೆಗೆದು ನೋಡಿದರೆ ಅವರ ನಿಖರತೆ (ನಡೆಗಳು ಕಂಪ್ಯೂಟರ್ ಲೆಕ್ಕದ ಅತ್ಯುತ್ತಮ ನಡೆಗೆ ಎಷ್ಟು ಹತ್ತಿರ ಎಂಬ ಅಂಕ) 96%. ಇದು ಎಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ತಂತ್ರಾಂಶ, ನೋಡಿ ಆಡಿದ ಆಟವಲ್ಲವೇ?

ಉತ್ತರ: ಈ ಒಂದು ಸಂಖ್ಯೆ ಹಿಡಿದು ಹಾಗೆ ಹೇಳಲು ಬರುವುದಿಲ್ಲ. ಎದುರಾಳಿ ಎಷ್ಟು ಚೆನ್ನಾಗಿ ಆಡಿದರು ಎಂಬುದರ ಜೊತೆಗೆ ಆಟ ಅವರಿಗೆ ಎಷ್ಟು ಸಲೀಸಾಗಿತ್ತು ಎಂಬುದೂ ನಿಖರತೆಯೊಳಗೆ ಸೇರಿಕೊಂಡಿರುತ್ತದೆ.

ಲಿಚೆಸ್ ಎಂಬ ಆನ್‌ಲೈನ್ ಚೆಸ್ ತಾಣದಲ್ಲಿ ಪ್ರತಿ ನಡೆಯಿಂದ ಗೆಲುವಿನ ಸಾಧ್ಯತೆ ಎಷ್ಟು ಇಳಿಯಿತು ಎಂದು ನೋಡಿ ಅಂಕ ಕೊಡುತ್ತಾರೆ. ನೀವು 9ನೇ ನಡೆಯಲ್ಲಿ ಕುದುರೆ, 13ರಲ್ಲಿ ಆನೆ ಕಳೆದುಕೊಂಡಿದ್ದರೆ ಆಮೇಲೆ ಅವರು ಸಾಧಾರಣ ನಡೆ ಆಡಿದರೂ ಸಾಧ್ಯತೆ 99ರಿಂದ 98ಕ್ಕೆ ಇಳಿದೀತು, ಅಷ್ಟೆ. ಹಾಗಾಗಿ ಅಂಕ ನೂರರ ಹತ್ತಿರವೇ ನಿಲ್ಲುತ್ತದೆ. ಎದುರಾಳಿ ಬೇಗ ತಪ್ಪಿದ ಚಿಕ್ಕ ಆಟಗಳಲ್ಲಿ 1200ರವರಿಗೂ 95 ದಾಟುವುದು ಅಪರೂಪವಲ್ಲ.

ಆಟವನ್ನು ಮತ್ತೆ ತೆರೆದು ನೀವೇ ಸೋಸಿ ನೋಡಿ. ಮೊದಲ 8 ನಡೆ ಬಿಟ್ಟುಬಿಡಿ, ಅವು ಬಾಯಿಪಾಠದ ಓಪನಿಂಗ್. ಹೊಡೆದದ್ದಕ್ಕೆ ತಿರುಗಿ ಹೊಡೆದ ನಡೆಗಳನ್ನೂ, ಚೆಕ್ ತಪ್ಪಿಸಲು ಒಂದೇ ದಾರಿ ಇದ್ದ ನಡೆಗಳನ್ನೂ ತೆಗೆಯಿರಿ. ಒಬ್ಬರು ಮೂರು ಪಾನ್‌ಗಳ (ಕಾಲಾಳುಗಳ) ಬೆಲೆಗಿಂತ ಹೆಚ್ಚು ಮುಂದಿದ್ದ ಸ್ಥಿತಿಗಳನ್ನೂ ಬಿಡಿ. 24 ನಡೆಯ ಆಟದಲ್ಲಿ ಕೊನೆಗೆ ಐದಾರು ನಡೆ ಉಳಿದರೆ ಹೆಚ್ಚು. ಅಷ್ಟರ ಮೇಲೆ ಯಾರ ಬಗ್ಗೆಯೂ ತೀರ್ಪು ಕೊಡಲಾಗದು.

ಉಳಿದ ಆ ನಡೆಗಳಲ್ಲಿ ಗಡಿಯಾರವನ್ನು ಗಮನಿಸಿ. ನಿಖರತೆಗಿಂತ ಹೆಚ್ಚು ಹೇಳುವುದು ಅದೇ. ಮನುಷ್ಯ ಸುಲಭದ ನಡೆಯನ್ನು ಒಂದೆರಡು ಸೆಕೆಂಡಿನಲ್ಲಿ ಆಡಿ, ಕಷ್ಟದ ಕಡೆ ನಿಲ್ಲುತ್ತಾನೆ. ಎಂಜಿನ್ ನೋಡುವವನು ನಿಮ್ಮ ನಡೆಯನ್ನು ಇನ್ನೊಂದು ಪರದೆಯಲ್ಲಿ ಹಾಕಿ, ಉತ್ತರಕ್ಕೆ ಕಾದು, ಇಲ್ಲಿಗೆ ತಂದು ಆಡಬೇಕು. ಅದಕ್ಕೇ ಬೇರೆ ದಾರಿಯೇ ಇಲ್ಲದ ನಡೆಗೂ 7 ಸೆಕೆಂಡ್, ಆನೆ ಬಲಿ ಕೊಡುವ ನಡೆಗೂ 7 ಸೆಕೆಂಡ್ ಎಂಬಂಥ ಲಯ ಕಾಣುತ್ತದೆ. ನೆಟ್‌ವರ್ಕ್ ನಿಧಾನವಿದ್ದರೂ ಹೀಗೆ ಕಾಣಬಹುದು, ಆದ್ದರಿಂದ ಇದೂ ಸುಳಿವು ಮಾತ್ರ.

ಪರಿಣತರು ಮಾಡುವುದೇನು? ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಕೆನೆತ್ ರೀಗನ್ ರೂಪಿಸಿದ ವಿಧಾನವನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ ಬಳಸುತ್ತದೆ. ಒಂದು ರೇಟಿಂಗಿನವರು ಎಂಜಿನ್‌ನ ಮೊದಲ ಆಯ್ಕೆಯನ್ನು ಎಷ್ಟು ಸಲ ಆಡಬಹುದೆಂದು ಮೊದಲು ಅಂದಾಜಿಸಿ, ನಿಜವಾದ ಆಟ ಅದರಿಂದ ಎಷ್ಟು ಪ್ರಮಾಣಿತ ವಿಚಲನೆ (ಸಹಜ ಏರಿಳಿತದ ಅಳತೆ) ಆಚೆಗಿದೆ ಎಂದು ಲೆಕ್ಕ ಹಾಕುತ್ತಾರೆ. ಎರಡು ವಿಚಲನೆ ಆಚೆ ಹೋಗುವುದು ಬರೀ ಅದೃಷ್ಟದಿಂದ 44ರಲ್ಲಿ ಒಬ್ಬರಿಗೆ ಆಗುವಂಥದ್ದು. 200 ಜನರ ಟೂರ್ನಿಯಲ್ಲಿ ನಾಲ್ಕೈದು ಪ್ರಾಮಾಣಿಕರು ಹಾಗೆ ಕಂಡೇ ಕಾಣುತ್ತಾರೆ. ಹಾಗಾಗಿ ಹಲವು ಆಟಗಳನ್ನು ಒಟ್ಟು ಸೇರಿಸದೆ ಮುಂದುವರಿಯುವುದಿಲ್ಲ. 2023ರಲ್ಲಿ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರ 46 ಆನ್‌ಲೈನ್ ಆಟಗಳಲ್ಲಿ 45.5 ಅಂಕ ಗಳಿಸಿದ್ದರ ಬಗ್ಗೆ ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಬಹಿರಂಗವಾಗಿ ಶಂಕಿಸಿದರು. ಪರಿಶೀಲಿಸಿದ ಆಟದ ತಾಣ ಚೆಸ್.ಕಾಮ್‌ಗೆ ಮೋಸ ಕಾಣಲಿಲ್ಲ. ತಮಗಿಂತ ಕಡಿಮೆ ರೇಟಿಂಗಿನವರ ಎದುರು ಹತ್ತಾರು ಸಾವಿರ ಆಟ ಆಡಿದವರಿಗೆ ಇಂಥ ಸರಣಿ ಬಂದೇ ಬರುತ್ತದೆ.

ಹಿನ್ನೆಲೆ ಕೂಡಿದಾಗ ಅನುಮಾನಕ್ಕೆ ತೂಕ ಬರುತ್ತದೆ. 2021ರ ಜೂನ್‌ನಲ್ಲಿ ನಡೆದ ಧರ್ಮಾರ್ಥ ಪ್ರದರ್ಶನ ಪಂದ್ಯದಲ್ಲಿ ಹವ್ಯಾಸಿ ಆಟಗಾರರಾದ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿದಾಗ ಯಾರೂ ನಂಬಲಿಲ್ಲ. ಕಂಪ್ಯೂಟರ್ ನೆರವು ಪಡೆದಿದ್ದಾಗಿ ಅವರೇ ಮರುದಿನ ಒಪ್ಪಿ ಕ್ಷಮೆ ಕೇಳಿದರು.

ನಿಜಕ್ಕೂ ಕಷ್ಟವಾಗುವುದು ಬಲ್ಲವರು ಮೋಸ ಮಾಡಿದಾಗ. ಗ್ರ್ಯಾಂಡ್‌ಮಾಸ್ಟರ್‌ಗೆ ಆಟಕ್ಕೆ ಒಂದೋ ಎರಡೋ ಸುಳಿವು ಸಾಕು, ಅಂಕಿಅಂಶದಲ್ಲಿ ಅದು ಕಾಣದೇ ಹೋಗಬಹುದು. ಅದಕ್ಕೇ ಬೋರ್ಡ್ ಎದುರಿನ ಟೂರ್ನಿಗಳಲ್ಲಿ ಲೋಹಶೋಧಕ, ತಡವಾಗಿ ತೋರಿಸುವ ನೇರಪ್ರಸಾರ. 2015ರಲ್ಲಿ ದುಬೈಯಲ್ಲಿ ಗಾಯೊಜ್ ನಿಗಲಿಡ್ಜೆ, 2019ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಇಗೋರ್ಸ್ ರೌಸಿಸ್ ಸಿಕ್ಕಿಬಿದ್ದದ್ದು ಶೌಚಾಲಯದ ಫೋನಿನಿಂದ. ಇಬ್ಬರ ಗ್ರ್ಯಾಂಡ್‌ಮಾಸ್ಟರ್ ಪಟ್ಟವೂ ಹೋಯಿತು.

ನಿಮ್ಮ ಆಟದ ವಿಷಯಕ್ಕೆ ಬಂದರೆ, ಎದುರಾಳಿಯ ಪ್ರೊಫೈಲ್ ತೆರೆದು ಈಚಿನ 20 ಆಟ ನೋಡಿ. ಲಿಚೆಸ್‌ನಲ್ಲಿ ರೇಟಿಂಗ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಅದಿನ್ನೂ ತಾತ್ಕಾಲಿಕ, ನಿಜವಾದ ಶಕ್ತಿ ಎಷ್ಟೋ ಮೇಲಿರಬಹುದು. ಅನುಮಾನ ಉಳಿದರೆ ಪ್ರೊಫೈಲ್‌ನಲ್ಲಿರುವ ರಿಪೋರ್ಟ್ ಗುಂಡಿ ಒತ್ತಿ, ಆಟದ ಕೊಂಡಿ ಮತ್ತು ಅನುಮಾನದ ನಡೆಗಳ ಸಂಖ್ಯೆ ಬರೆಯಿರಿ. ಚಾಟ್‌ನಲ್ಲಿ 'ಮೋಸಗಾರ' ಎನ್ನಬೇಡಿ. ಅವರು ಪ್ರಾಮಾಣಿಕರಾಗಿದ್ದರೆ ಆ ಮಾತು ತುಂಬ ನೋಯಿಸುತ್ತದೆ. ಮೋಸ ಸಾಬೀತಾದರೆ ನೀವು ಕಳೆದುಕೊಂಡ ರೇಟಿಂಗ್ ಅಂಕಗಳನ್ನು ಲಿಚೆಸ್, ಚೆಸ್.ಕಾಮ್ ಎರಡೂ ಹಿಂದಿರುಗಿಸುತ್ತವೆ.