ಬೆಟ್ಟ ಮಾರಾಟವಾಯಿತು, ಲಿಫ್ಟ್ ಓಡುತ್ತದೆಯೇ?

ಮುಚ್ಚಿಹೋಗಿದ್ದ ಸ್ಕೀ ರೆಸಾರ್ಟನ್ನು ಹೊಸಬರು ಕೊಂಡರಂತೆ ಎಂಬ ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು, "ಯಾರು ಕೊಂಡರು? ಎಷ್ಟಕ್ಕೆ ಕೊಂಡರು?" ಲೆಕ್ಕ ನೋಡುವ ನನ್ನಂಥವರಿಗೆ ಈ ಎರಡು ಉತ್ತರಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಬೆಟ್ಟ ಕೊಳ್ಳಲು ಬೇಕಾದ ದುಡ್ಡು ಸಣ್ಣದು. ಅದನ್ನು ಮತ್ತೆ ನಡೆಸಲು ಬೇಕಾದ ದುಡ್ಡು ದೊಡ್ಡದು. ಆ ದೊಡ್ಡ ದುಡ್ಡು ಎಲ್ಲಿಂದ ಬರುತ್ತದೆ, ಚಳಿಗಾಲಕ್ಕೆ ಎಷ್ಟು ತಿಂಗಳು ಮುಂಚೆ ಕೈಗೆ ಸಿಗುತ್ತದೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಸಾಲ ಕೊಡುವವರ ಪರವಾಗಿ ಇಂಥ ವ್ಯವಹಾರಗಳ ಕಾಗದಪತ್ರ ಪರಿಶೀಲಿಸುವುದು ನನ್ನ ಕೆಲಸ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳಲ್ಲೂ ಈಗ ಮಕ್ಕಳು ಸ್ಕೀಯಿಂಗ್ ಕಲಿಯುತ್ತಾರೆ. ಹಾಗಾಗಿ "ಅದು ಈ ವರ್ಷ ತೆರೆಯುತ್ತಾ?" ಎಂಬ ಪ್ರಶ್ನೆ ನಮ್ಮವರಿಂದಲೇ ಆಗಾಗ ಬರುತ್ತದೆ. ಒಂದು ಬೆಟ್ಟದ ಕಥೆ ಹಿಡಿದು ಉತ್ತರ ಹೇಳುತ್ತೇನೆ.

ಮೇಯ್ನ್ ರಾಜ್ಯದ ಪಶ್ಚಿಮದಲ್ಲಿ ರೇಂಜ್ಲಿ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 1,200. ಬಾಸ್ಟನ್‌ನಿಂದ ಕಾರಿನಲ್ಲಿ ನಾಲ್ಕು ಗಂಟೆ ದೂರ. ಪಕ್ಕದಲ್ಲೇ 4,120 ಅಡಿ ಎತ್ತರದ ಸ್ಯಾಡಲ್‌ಬ್ಯಾಕ್ ಬೆಟ್ಟ. ಅಲ್ಲಿ 1960ರಿಂದ ಸ್ಕೀ ರೆಸಾರ್ಟ್ ಇದೆ. ಶುಗರ್‌ಲೋಫ್ ಮತ್ತು ಸಂಡೇ ರಿವರ್ ಬಿಟ್ಟರೆ ಆ ರಾಜ್ಯದಲ್ಲಿ ಇದೇ ದೊಡ್ಡದು. 2003ರಲ್ಲಿ ಬೆರಿ ಕುಟುಂಬ ಅದನ್ನು ಕೊಂಡು, ಸ್ವಂತ ದುಡ್ಡು ಸುರಿದು ನಡೆಸಿತು. 2015ರ ಜುಲೈನಲ್ಲಿ ಅವರು ಒಂದು ಪ್ರಕಟಣೆ ಕೊಟ್ಟರು. ಮುಖ್ಯ ಲಿಫ್ಟ್ (ಉಕ್ಕಿನ ಹಗ್ಗಕ್ಕೆ ತೂಗುಹಾಕಿದ ಕುರ್ಚಿಗಳಲ್ಲಿ ಜನರನ್ನು ಬೆಟ್ಟ ಹತ್ತಿಸುವ ಯಂತ್ರ) 50 ವರ್ಷ ದಾಟಿದೆ, ಹೊಸದಕ್ಕೆ 30 ಲಕ್ಷ ಡಾಲರ್ ಬೇಕು, ಸಿಗದಿದ್ದರೆ ಈ ಸಲ ಬಾಗಿಲು ತೆರೆಯುವುದಿಲ್ಲ. ದುಡ್ಡು ಸಿಗಲಿಲ್ಲ. ಐದು ಚಳಿಗಾಲ ಬೆಟ್ಟ ಮುಚ್ಚಿಯೇ ಇತ್ತು.

ಒಂದು ಲಿಫ್ಟ್‌ಗೋಸ್ಕರ ಇಡೀ ರೆಸಾರ್ಟ್ ಮುಚ್ಚುವುದಾ ಅಂತ ಅನ್ನಿಸಬಹುದು. ಆದರೆ ತಳದಿಂದ ಜನರನ್ನು ಮೇಲಕ್ಕೆ ಒಯ್ಯುವ ಲಿಫ್ಟ್ ನಿಂತರೆ ಮೇಲಿನ ಉಳಿದ ಲಿಫ್ಟ್‌ಗಳಿದ್ದೂ ಪ್ರಯೋಜನ ಕಡಿಮೆ. ಹೊಸದಾಗಿ ಕಲಿಯುವವರು, ಮಕ್ಕಳು, ಅಂದರೆ ಪಾಠಕ್ಕೆ, ಬಾಡಿಗೆ ಸಾಮಾನಿಗೆ, ಕ್ಯಾಂಟೀನಿಗೆ ಜಾಸ್ತಿ ಖರ್ಚು ಮಾಡುವವರು, ಆ ಕೆಳಗಿನ ಲಿಫ್ಟನ್ನೇ ನಂಬಿರುತ್ತಾರೆ. ಇನ್ನೊಂದು ಕಾರಣ ಭಯ. ಶುಗರ್‌ಲೋಫ್‌ನಲ್ಲಿ 2010ರ ಡಿಸೆಂಬರ್‌ನಲ್ಲಿ ಒಂದು ಹಳೆಯ ಲಿಫ್ಟ್‌ನ ಹಗ್ಗ ಚಕ್ರದಿಂದ ಜಾರಿ ಕುರ್ಚಿಗಳು ನೆಲಕ್ಕೆ ಬಿದ್ದು ಜನ ಗಾಯಗೊಂಡಿದ್ದರು. 2015ರ ಮಾರ್ಚ್‌ನಲ್ಲಿ ಅಲ್ಲೇ ಇನ್ನೊಂದು ಲಿಫ್ಟ್ ಹಿಮ್ಮುಖವಾಗಿ ಓಡಿ ಮತ್ತೆ ಕೆಲವರಿಗೆ ಪೆಟ್ಟಾಯಿತು. ಇಷ್ಟಾದ ಮೇಲೆ ಹಳೆಯ ಲಿಫ್ಟನ್ನು ಇನ್ನೊಂದು ವರ್ಷ ತಳ್ಳೋಣ ಎಂದು ಹೇಳುವ ಧೈರ್ಯ ಯಾವ ಮಾಲೀಕನಿಗೂ ಇರಬಾರದು. ಸ್ಯಾಡಲ್‌ಬ್ಯಾಕ್ ಮಾಲೀಕರು ಆ ಮಾತನ್ನು ಮುಚ್ಚಿಡದೆ ಹೇಳಿದ್ದಕ್ಕೆ ನನಗೆ ಗೌರವವಿದೆ.

ಮುಚ್ಚಿದ ಮೇಲೆ ಪರಿಸ್ಥಿತಿ ಇದ್ದ ಹಾಗೇ ಇರುವುದಿಲ್ಲ, ದಿನದಿನಕ್ಕೂ ಕೆಡುತ್ತದೆ. ಉಕ್ಕಿನ ಹಗ್ಗ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಚಕ್ರಗಳ ಮೇಲೆ ಬಿಗಿಯಾಗಿ ಕೂತಿರುತ್ತದೆ. ಬೇರಿಂಗಿನ ಗ್ರೀಸ್ ಒಣಗುತ್ತದೆ. ಇಲಿಗಳು ವೈರು ಕಡಿಯುತ್ತವೆ. ಕೃತಕ ಹಿಮ ಮಾಡುವ ಪೈಪಿನಲ್ಲಿ ನೀರು ಉಳಿದಿದ್ದರೆ ಒಂದೇ ಚಳಿಗೆ ಒಡೆಯುತ್ತದೆ. ಇಳಿಜಾರಿನ ದಾರಿಗಳಲ್ಲಿ ಗಿಡಗಂಟಿ ಬೆಳೆಯುತ್ತದೆ. ಇದೆಲ್ಲಕ್ಕಿಂತ ದೊಡ್ಡ ನಷ್ಟ ಜನ. ಲಿಫ್ಟ್ ಮೆಕ್ಯಾನಿಕ್, ರಾತ್ರಿಯಿಡೀ ಹಿಮ ಸಮ ಮಾಡುವ ಗಾಡಿಯವರು, ಬಿದ್ದು ಗಾಯಗೊಂಡವರಿಗೆ ನೆರವಾಗುವ ಸ್ಕೀ ಪ್ಯಾಟ್ರೋಲ್‌ನವರು ಬೇರೆ ಬೆಟ್ಟಕ್ಕೆ ಹೋಗಿ ನೆಲೆಯೂರಿರುತ್ತಾರೆ. ಯಾವ ಪೈಪಿನ ಕವಾಟ ಎಲ್ಲಿದೆ ಅನ್ನುವುದು ಇಂಥ ಕಡೆ ನಕ್ಷೆಗಿಂತ ಆ ಜನರ ತಲೆಯಲ್ಲಿ ಜಾಸ್ತಿ ಇರುತ್ತದೆ. ಗಿರಾಕಿಗಳೂ ಅಷ್ಟೇ. ಎರಡು ವರ್ಷ ಶುಗರ್‌ಲೋಫ್ ಪಾಸ್ ಕೊಂಡ ಕುಟುಂಬ, ಅಲ್ಲಿನ ಸ್ಕೀ ಕ್ಲಬ್ಬಿನಲ್ಲಿ ಮಕ್ಕಳಿಗೆ ಗೆಳೆಯರಾದ ಮೇಲೆ, ಸುಮ್ನೆ ವಾಪಸ್ ಬರುವುದಿಲ್ಲ.

2017ರ ಜೂನ್‌ನಲ್ಲಿ ರೇಂಜ್ಲಿ ಜನ ಚಪ್ಪಾಳೆ ತಟ್ಟಿದರು. ಆಸ್ಟ್ರೇಲಿಯಾದ ಮಜೆಲ್ಲಾ ಗ್ರೂಪ್ ಬೆಟ್ಟ ಕೊಳ್ಳುತ್ತಿದೆ, ಹೊಸ ಲಿಫ್ಟ್ ಬರುತ್ತದೆ ಎಂದು ಘೋಷಣೆಯಾಯಿತು. ಆದರೆ ಮಾರಾಟ ನೋಂದಣಿಯಾಗಲೇ ಇಲ್ಲ. ಚಳಿಗಾಲ ಬಂತು, ಹೋಯಿತು. 2018ರಲ್ಲಿ ಆ ಕಂಪನಿಯ ಮುಖ್ಯಸ್ಥನನ್ನು ವಂಚನೆ ಆರೋಪದ ಮೇಲೆ ಆಸ್ಟ್ರೇಲಿಯಾದಲ್ಲಿ ಬಂಧಿಸಿದ ಸುದ್ದಿ ಬಂತು. ಅಷ್ಟರಲ್ಲಿ ಊರಿನ ಎಷ್ಟೋ ಜನ ಆ ಘೋಷಣೆ ನಂಬಿ ಕಾದಿದ್ದರು.

ನಿಶ್ಚಿತಾರ್ಥವಾದ ಮಾತ್ರಕ್ಕೆ ಮದುವೆ ಆದ ಹಾಗಲ್ಲ, ಅಲ್ವಾ? ವ್ಯವಹಾರದಲ್ಲೂ ಒಪ್ಪಂದಕ್ಕೆ ಸಹಿ ಬೇರೆ, ದುಡ್ಡು ಕೈ ಬದಲಾಗಿ ಪತ್ರ ನೋಂದಣಿಯಾಗುವುದು ಬೇರೆ. ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತದೆ. ಪತ್ರಿಕಾಗೋಷ್ಠಿ ಸಾಮಾನ್ಯವಾಗಿ ಮೊದಲನೆಯದಾದಾಗ ನಡೆಯುತ್ತದೆ. ಅಮೆರಿಕದಲ್ಲಿ ಜಮೀನಿನ ಪತ್ರ ಸಾರ್ವಜನಿಕ ದಾಖಲೆ. ಕೌಂಟಿಯ (ನಮ್ಮ ಜಿಲ್ಲೆಯಂಥದು) ನೋಂದಣಿ ಕಚೇರಿಯ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಮಾಲೀಕರ ಹೆಸರು ಬದಲಾಗಿದೆಯೋ, ಹಳೆಯ ಸಾಲದ ಅಡಮಾನ ತೀರಿದೆಯೋ, ಹೊಸ ಅಡಮಾನ ಯಾರ ಹೆಸರಿಗಿದೆಯೋ ಎಲ್ಲ ಅಲ್ಲಿ ಗೊತ್ತಾಗುತ್ತದೆ. ನಾನು ಮೊದಲು ತೆರೆಯುವುದು ಅದನ್ನೇ.

2020ರ ಜನವರಿ ಕೊನೆಗೆ ಬಾಸ್ಟನ್‌ನ ಆರ್ಕ್ಟಾರಿಸ್ ಎಂಬ ಹೂಡಿಕೆ ನಿಧಿ ಸ್ಯಾಡಲ್‌ಬ್ಯಾಕನ್ನು 65 ಲಕ್ಷ ಡಾಲರಿಗೆ ಕೊಂಡಿತು. ಈ ಸಲ ನಿಜವಾಗಿ ಕೊಂಡಿತು. ಆದರೆ ಬೆಟ್ಟವನ್ನು ಮತ್ತೆ ನಡೆಸಲು ಅವರು ಹೇಳಿದ ಒಟ್ಟು ಯೋಜನೆ ಸುಮಾರು 3 ಕೋಟಿ 80 ಲಕ್ಷ ಡಾಲರಿನದು. ಕೊಂಡ ಬೆಲೆ ಒಟ್ಟು ಮೊತ್ತದ ಆರನೇ ಒಂದು ಭಾಗಕ್ಕೆ ಹತ್ತಿರ. ನಾನು ಮೊದಲು ಹೇಳಿದ ಸಣ್ಣ ದುಡ್ಡು, ದೊಡ್ಡ ದುಡ್ಡು ಇದೇ.

ಆ ದೊಡ್ಡ ದುಡ್ಡನ್ನು ಹೇಗೆ ಹೊಂದಿಸಿದರು ಅನ್ನುವುದು ನನಗೆ ಈ ಕಥೆಯಲ್ಲಿ ಅತಿ ಮುಖ್ಯವಾದ ಭಾಗ. ಬರೀ ಟಿಕೆಟ್ ಮಾರಿ ಬರುವ ಲಾಭ ನೋಡಿ ಯಾವ ಬ್ಯಾಂಕೂ ಇಷ್ಟು ಸಾಲ ಕೊಡುವುದಿಲ್ಲ. ಬೆಟ್ಟ ದೂರದಲ್ಲಿದೆ, ಹವಾಮಾನ ನಂಬುವಂತಿಲ್ಲ, ಗಿರಾಕಿಗಳು ಚದುರಿದ್ದಾರೆ. ಆದ್ದರಿಂದ ಹಲವು ಕಡೆಯ ದುಡ್ಡು ಪದರ ಪದರವಾಗಿ ಸೇರಬೇಕಾಯಿತು. ಬಡ ಪ್ರದೇಶಗಳಲ್ಲಿ ಹೂಡುವವರಿಗೆ ಅಮೆರಿಕದ ಕೇಂದ್ರ ಸರ್ಕಾರ ನ್ಯೂ ಮಾರ್ಕೆಟ್ಸ್ ಟ್ಯಾಕ್ಸ್ ಕ್ರೆಡಿಟ್ ಎಂಬ ರಿಯಾಯಿತಿ ಕೊಡುತ್ತದೆ. ಹೂಡಿದ ಮೊತ್ತದ ಶೇ. 39ರಷ್ಟನ್ನು ಏಳು ವರ್ಷಗಳಲ್ಲಿ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. 2017ರ ತೆರಿಗೆ ಕಾಯ್ದೆಯಲ್ಲಿ ಬಂದ ಆಪರ್ಚುನಿಟಿ ಝೋನ್ ಎಂಬ ಇನ್ನೊಂದು ಸೌಲಭ್ಯವಿದೆ. ಆಸ್ತಿ ಮಾರಿ ಬಂದ ಲಾಭವನ್ನು ಇಂಥ ಕಡೆ ಹೂಡಿದರೆ ತೆರಿಗೆ ಮುಂದಕ್ಕೆ ಹೋಗುತ್ತದೆ. ಇವೆರಡರ ಜೊತೆ ರಾಜ್ಯದ ಹಣಕಾಸು ಸಂಸ್ಥೆಗಳ ನೆರವು ಸೇರಿತು. ಊರನ್ನು ಪ್ರೀತಿಸುವವರು ಒಂದು ಪ್ರತಿಷ್ಠಾನದ ಮೂಲಕ ದೇಣಿಗೆಯನ್ನೂ ಕೊಟ್ಟರು. ಇದರಲ್ಲಿ ಒಂದು ಪದರ ಜಾರಿದರೂ ಉಳಿದವು ನಿಲ್ಲುವುದಿಲ್ಲ. ಯಾಕೆಂದರೆ "ಮಿಕ್ಕವರು ಕೊಟ್ಟರೆ ನಾವೂ ಕೊಡುತ್ತೇವೆ" ಎಂದು ಪ್ರತಿಯೊಬ್ಬರೂ ಬರೆದುಕೊಂಡಿರುತ್ತಾರೆ.

ಹೊರಗಿನವರಿಗೆ ಕಾಣುವ ಅನಿಶ್ಚಿತತೆಯ ಬಹುಪಾಲು ಇಲ್ಲೇ ಹುಟ್ಟುತ್ತದೆ. ಮಾಲೀಕರು ಮೌನವಾಗಿದ್ದಾರೆ ಅಂದರೆ ಮೋಸ ಮಾಡುತ್ತಿದ್ದಾರೆ ಎಂದೇನೂ ಅಲ್ಲ. ಐದಾರು ಕಡೆಯ ವಕೀಲರು ಒಂದೇ ದಿನ ಸಹಿ ಹಾಕುವ ಹಾಗೆ ಕಾಗದ ಜೋಡಿಸುತ್ತಿರಬಹುದು. ಆದರೂ ಸಾರ್ವಜನಿಕರ ತೆರಿಗೆ ಹಣ ಸೇರಿದ ಮೇಲೆ ಊರಿನವರಿಗೆ ಕೇಳುವ ಹಕ್ಕಿದೆ. ಎಷ್ಟು ದುಡ್ಡು ಬಂತು, ಎಷ್ಟು ಬಾಕಿ ಇದೆ, ಬರದಿದ್ದರೆ ಏನು ಮಾಡುತ್ತೀರಿ ಅಂತ ಪಂಚಾಯಿತಿ ಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಒಳ್ಳೆಯ ಮಾಲೀಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನು ಕಾಲದ ಲೆಕ್ಕ. ಹೊಸ ಕುರ್ಚಿ ಲಿಫ್ಟನ್ನು ಲೈಟ್ನರ್-ಪೋಮಾ, ಆಸ್ಟ್ರಿಯದ ಡೋಪೆಲ್‌ಮಾಯರ್‌ನಂಥ ಬೆರಳೆಣಿಕೆಯ ಕಂಪನಿಗಳು ಮಾತ್ರ ಮಾಡುತ್ತವೆ. ಬರುವ ಚಳಿಗಾಲಕ್ಕೆ ಬೇಕಾದರೆ ಈ ಚಳಿಗಾಲದಲ್ಲೇ ಮುಂಗಡ ಕಟ್ಟಬೇಕು. ಹಿಮ ಕರಗಿದ ಮೇಲೆ ಬುನಾದಿ ತೋಡಿ ಕಾಂಕ್ರೀಟ್ ಹಾಕಬೇಕು. ಎಷ್ಟೋ ಕಡೆ ಕಂಬಗಳನ್ನು ಹೆಲಿಕಾಪ್ಟರಿನಲ್ಲಿ ತಂದು ನಿಲ್ಲಿಸುತ್ತಾರೆ. ಆಮೇಲೆ ಹಗ್ಗ ಹೆಣೆಯುವುದು, ಭಾರ ಹೇರಿ ಪರೀಕ್ಷೆ ಮಾಡುವುದು, ಪರಿಶೀಲನೆ, ಪರವಾನಗಿ. ಸ್ಯಾಡಲ್‌ಬ್ಯಾಕ್‌ನವರು ಜನವರಿ ಕೊನೆಗೆ ಬೆಟ್ಟ ಕೊಂಡು, ಕೋವಿಡ್ ಗಲಾಟೆಯ ನಡುವೆಯೂ ಒಂದೊಂದು ಕುರ್ಚಿಯಲ್ಲಿ ನಾಲ್ವರು ಕೂರುವ ಹೊಸ ವೇಗದ ಲಿಫ್ಟ್ ಹಾಕಿಸಿ, 2020ರ ಡಿಸೆಂಬರ್ 15ರಂದು ತೆರೆದರು. ಹತ್ತೂವರೆ ತಿಂಗಳು. ಇದಕ್ಕಿಂತ ಬೇಗ ಸಾಧ್ಯ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ. ಆಗಸ್ಟ್‌ನಲ್ಲಿ ಬೆಟ್ಟ ಕೊಂಡು ಕ್ರಿಸ್‌ಮಸ್‌ಗೆ ಹೊಸ ಲಿಫ್ಟ್ ಓಡಿಸುತ್ತೇವೆ ಎನ್ನುವವರು ಹಳೆಯ ಲಿಫ್ಟ್ ದುರಸ್ತಿ ಮಾಡುತ್ತಿರಬೇಕು, ಇಲ್ಲವೇ ಕನಸು ಕಾಣುತ್ತಿರಬೇಕು.

ಕ್ರಿಸ್‌ಮಸ್ ವಾರ, ಜನವರಿಯ ಮಾರ್ಟಿನ್ ಲೂಥರ್ ಕಿಂಗ್ ರಜೆ, ಫೆಬ್ರವರಿಯ ಶಾಲಾ ರಜೆ. ನ್ಯೂ ಇಂಗ್ಲೆಂಡಿನ ಬೆಟ್ಟಗಳ ಸಂಪಾದನೆಯ ದೊಡ್ಡ ಪಾಲು ಈ ಕೆಲವೇ ದಿನಗಳಲ್ಲಿ ಬರುತ್ತದೆ. ಮೊದಲನೆಯದು ತಪ್ಪಿದರೆ ವರ್ಷದ ಲೆಕ್ಕವೇ ಅಲುಗಾಡುತ್ತದೆ. ಅದು ತಪ್ಪದಿರಲು ಕೃತಕ ಹಿಮ ಬೇಕು. ಒಂದು ಎಕರೆಗೆ ಒಂದು ಅಡಿ ಹಿಮ ಹಾಸಲು ಹತ್ತಿರ ಹತ್ತಿರ ಆರು ಲಕ್ಷ ಲೀಟರ್ ನೀರು ಬೇಕು. ಕೆರೆ ಅಥವಾ ಹೊಳೆಯಿಂದ ಅಷ್ಟು ನೀರೆತ್ತಲು ಅನುಮತಿ ಇದೆಯೇ, ಪಂಪು ಕೆಲಸ ಮಾಡುತ್ತದೆಯೇ ಅಂತ ಖರೀದಿಗೆ ಮುಂಚೆಯೇ ನೋಡಬೇಕು. ಪಶ್ಚಿಮದ ರಾಜ್ಯಗಳಲ್ಲಿ ಇನ್ನೊಂದು ತೊಡಕು. ಅಲ್ಲಿ ಎಷ್ಟೋ ಬೆಟ್ಟಗಳು ಕೇಂದ್ರದ ಅರಣ್ಯ ಇಲಾಖೆಯ ನೆಲದಲ್ಲಿವೆ. ಆ ನೆಲ ಬಳಸುವ ಪರವಾನಗಿ ಹಳೆಯ ಮಾಲೀಕರಿಂದ ಹೊಸಬರಿಗೆ ತಾನಾಗಿ ಬರುವುದಿಲ್ಲ, ಹೊಸದಾಗಿ ಪಡೆಯಬೇಕು.

ಲಿಫ್ಟ್ ಯಾರದು ಅಂತಲೂ ವಿಚಾರಿಸಬೇಕು. ಐಡಹೋದ ಟ್ಯಾಮರಾಕ್ ರೆಸಾರ್ಟ್ 2009ರ ಮಾರ್ಚ್‌ನಲ್ಲಿ ಮುಚ್ಚಿತು. 2010ರ ಡಿಸೆಂಬರ್‌ನಲ್ಲಿ ಅಲ್ಲಿನ ಮನೆ ಮಾಲೀಕರೇ ಸೇರಿ ಅದನ್ನು ಮತ್ತೆ ತೆರೆದರು. ಆದರೂ 2012ರಲ್ಲಿ ಬ್ಯಾಂಕಿನವರು ಬಂದು ಒಂದು ಲಿಫ್ಟನ್ನೇ ಬಿಚ್ಚಿಕೊಂಡು ಹೋದರು. ಅದು ಲೀಸಿನಲ್ಲಿ ತಂದ ಲಿಫ್ಟ್ ಆಗಿತ್ತು.

ಎಲ್ಲ ಬೆಟ್ಟಗಳೂ ಸ್ಯಾಡಲ್‌ಬ್ಯಾಕ್ ಆಗುವುದಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಡಿಕ್ಸ್‌ವಿಲ್ ನಾಚ್‌ನಲ್ಲಿರುವ ಬಾಲ್ಸಮ್ಸ್ ರೆಸಾರ್ಟ್ 2011ರಲ್ಲಿ ಮುಚ್ಚಿತು. ಸ್ಕೀ ಉದ್ಯಮದಲ್ಲಿ ದೊಡ್ಡ ಹೆಸರಾದ ಲೆಸ್ ಆಟನ್ 2014ರಲ್ಲಿ ಭಾರೀ ಯೋಜನೆಯೊಂದಿಗೆ ಬಂದರು. ಅನುಭವಕ್ಕೆ ಕೊರತೆ ಇರಲಿಲ್ಲ. ಆದರೂ ದುಡ್ಡಿನ ಪದರಗಳು ಒಟ್ಟಿಗೆ ಕೂಡಲಿಲ್ಲ, ವರ್ಷಗಳು ಉರುಳಿದವು. ಇದಕ್ಕೆ ಎದುರಾಗಿ ಪಶ್ಚಿಮ ವರ್ಜೀನಿಯಾದ ಟಿಂಬರ್‌ಲೈನ್ ನೋಡಿ. ಇಂಡಿಯಾನಾದ ಪರ್ಫೆಕ್ಟ್ ನಾರ್ತ್ ಸ್ಲೋಪ್ಸ್ ಅದನ್ನು 2019ರಲ್ಲಿ 22 ಲಕ್ಷ ಡಾಲರಿಗೆ ಹರಾಜಿನಲ್ಲಿ ಕೊಂಡು, ಮುಂದಿನ ಚಳಿಗಾಲಕ್ಕೆ ಹೊಸ ಲಿಫ್ಟ್‌ಗಳೊಂದಿಗೆ ತೆರೆಯಿತು. ಅವರು ಆಗಲೇ ಒಂದು ಸ್ಕೀ ಬೆಟ್ಟ ನಡೆಸುತ್ತಿದ್ದರು.

ನನಗೆ ತುಂಬ ಇಷ್ಟವಾದದ್ದು ವರ್ಮಾಂಟ್‌ನ ಆಸ್ಕಟ್ನಿ. 2010ರಲ್ಲಿ ಮುಚ್ಚಿದ ಮೇಲೆ ಅದರ ವೇಗದ ಲಿಫ್ಟನ್ನು ನ್ಯೂ ಹ್ಯಾಂಪ್‌ಶೈರ್‌ನ ಕ್ರಾಚೆಡ್ ಬೆಟ್ಟಕ್ಕೆ ಮಾರಿಬಿಟ್ಟರು. ದೊಡ್ಡ ರೆಸಾರ್ಟ್ ಮತ್ತೆ ಏಳುವ ಆಸೆ ಅಲ್ಲಿಗೆ ಮುಗಿಯಿತು. ಆದರೆ ವೆಸ್ಟ್ ವಿಂಡ್ಸರ್ ಊರಿನವರು ಸುಮ್ಮನೆ ಕೂರಲಿಲ್ಲ. ಮತ ಹಾಕಿ 469 ಎಕರೆಯನ್ನು ಊರಿನ ಆಸ್ತಿ ಮಾಡಿಕೊಂಡರು. ಸ್ವಯಂಸೇವಕರ ಸಂಘ ಕಟ್ಟಿದರು. ಮೊದಲು ಹಗ್ಗ ಹಿಡಿದು ಮೇಲೇರುವ ಪುಟ್ಟ ಲಿಫ್ಟ್ ಹಾಕಿದರು. 2020ರಲ್ಲಿ, ಸ್ಕೀ ಮೇಲೆ ನಿಂತವರನ್ನು ಸರಳಿನಿಂದ ಮೇಲಕ್ಕೆ ಎಳೆಯುವ ಟಿ-ಬಾರ್ ಲಿಫ್ಟ್ ಬಂತು. ಬೆಟ್ಟದ ಕೆಳಭಾಗದಲ್ಲಷ್ಟೇ ಲಿಫ್ಟ್ ಇದೆ, ಅದಕ್ಕಿಂತ ಮೇಲೆ ಹೋಗಬೇಕಾದವರು ನಡೆದೇ ಏರುತ್ತಾರೆ. ಅದಕ್ಕೆ ದೊಡ್ಡ ಸಾಲವೂ ಬೇಡ, ಹೊರಗಿನ ಹೂಡಿಕೆದಾರನೂ ಬೇಡ. ಹೊಸ ಮಾಲೀಕರಿಗಾಗಿ ಹತ್ತು ವರ್ಷ ಕಾಯುತ್ತಿರುವ ಊರುಗಳು ಇದನ್ನು ಗಂಭೀರವಾಗಿ ಯೋಚಿಸಬೇಕು ಎಂದು ನನ್ನ ಬಲವಾದ ಅಭಿಪ್ರಾಯ.

ಪಾಸ್ ಕೊಳ್ಳುವವರಿಗೆ ಒಂದು ಮಾತು. ಹೊಸ ಮಾಲೀಕರು ಮೊದಲ ವರ್ಷದ ಪಾಸನ್ನು ಕಡಿಮೆ ಬೆಲೆಗೆ ಕೊಡುತ್ತಾರೆ, ಯಾಕೆಂದರೆ ಬೇಸಿಗೆಯಲ್ಲಿ ಅವರಿಗೆ ಕೈಯಲ್ಲಿ ದುಡ್ಡು ಬೇಕು. ಅದು ತಪ್ಪಲ್ಲ, ಈ ಉದ್ಯಮ ನಡೆಯುವುದೇ ಹಾಗೆ. ಆದರೆ ಲಿಫ್ಟ್ ಓಡದಿದ್ದರೆ ಪೂರ್ತಿ ದುಡ್ಡು ವಾಪಸ್ ಎಂದು ಬರೆದಿದೆಯೇ, ಯಾವ ದಿನಾಂಕದೊಳಗೆ ವಾಪಸ್ ಎಂದು ಹೇಳಿದೆಯೇ, ತೆರೆಯುವವರೆಗೆ ಆ ದುಡ್ಡನ್ನು ಬೇರೆ ಖಾತೆಯಲ್ಲಿ ಇಡುತ್ತಾರೆಯೇ ಅಂತ ಓದಿ ನೋಡಿ. ಬರೆದಿಲ್ಲದಿದ್ದರೆ ಇಮೇಲ್ ಹಾಕಿ ಕೇಳಿ. ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ, ಚೆಕ್ ಕೊಡಬೇಡಿ. ಸೇವೆ ಸಿಗದಿದ್ದರೆ ಕಾರ್ಡ್ ಕಂಪನಿಯ ಮೂಲಕ ತಕರಾರು ಹಾಕಬಹುದು. ಚೆಕ್ ಕೊಟ್ಟು, ಕಂಪನಿ ದಿವಾಳಿಯಾದರೆ, ಕಂಪನಿಯಿಂದ ದುಡ್ಡು ಬರಬೇಕಾದವರ ಸಾಲಿನಲ್ಲಿ ನಿಮ್ಮ ಹೆಸರು ಬ್ಯಾಂಕಿನ ಹಿಂದೆ ಎಲ್ಲೋ ಇರುತ್ತದೆ.