ನೀಲಿ ಕಣ್ಣಿನ ಗೊಂಬೆಗಳು

ಕಾದಂಬರಿಯೊಂದರ ನ್ಯಾಯಾಲಯದ ದೃಶ್ಯದಲ್ಲಿ, ಹೆತ್ತ ತಾಯಿಯ ಪರ ವಕೀಲ ಎಡ್ ಲಿಮ್ ಸಾಕುತಾಯಿಯನ್ನು ವಿಚಾರಿಸುವುದು ಗೊಂಬೆಗಳ ಬಗ್ಗೆ. ಮಗುವಿಗೆ ಗೊಂಬೆಗಳಿವೆಯೇ ಎಂದರೆ ಬೇಕಾದಷ್ಟಿವೆ ಎನ್ನುತ್ತಾಳೆ. ಅವುಗಳ ಕಣ್ಣು ಯಾವ ಬಣ್ಣದ್ದು ಎಂದಾಗ ನೀಲಿ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಆ ಗೊಂಬೆಗಳ ನಡುವೆ ಬೆಳೆಯುತ್ತಿರುವುದು ಚೀನೀ ತಾಯಿ ಹೆತ್ತ ಹೆಣ್ಣುಮಗು.

ಸೆಲೆಸ್ಟ್ ಇಂಗ್ ಅವರ 2017ರ ಕಾದಂಬರಿ 'ಲಿಟಲ್ ಫೈರ್ಸ್ ಎವ್ರಿವೇರ್' ನಡೆಯುವುದು ಒಹಾಯೊ ರಾಜ್ಯದ ಶೇಕರ್ ಹೈಟ್ಸ್‌ನಲ್ಲಿ, 1997–98ರ ಸುಮಾರಿಗೆ. ಹಾಲಿಗೂ ದುಡ್ಡಿಲ್ಲದೆ ಕಂಗೆಟ್ಟ ತಾಯಿ ಬೆಬೆ ಚೌ ಕೊರೆಯುವ ಚಳಿಯಲ್ಲಿ ಕೂಸನ್ನು ಅಗ್ನಿಶಾಮಕ ಠಾಣೆಯ ಬಾಗಿಲಲ್ಲಿ ಬಿಟ್ಟುಹೋಗುತ್ತಾಳೆ. ಹಲವು ಗರ್ಭಪಾತಗಳ ನೋವುಂಡ ಶ್ರೀಮಂತ ಬಿಳಿಯ ದಂಪತಿ ಅದನ್ನು ಎದೆಗವಚಿಕೊಳ್ಳುತ್ತಾರೆ. ಆಮೇಲೆ ಬೆಬೆ ಮಗುವನ್ನು ಮರಳಿ ಕೇಳುತ್ತಾಳೆ. ಹೆತ್ತವಳಿಗೆ ಅವಳು ಮೇ ಲಿಂಗ್, ಸಾಕಿದವಳಿಗೆ ಮಿರಾಬೆಲ್. ದೇವಕಿಗೂ ಯಶೋದೆಗೂ ಒಟ್ಟಿಗೆ ಜಾಗ ಕೊಟ್ಟ ಕಥೆ ಕೇಳಿ ಬೆಳೆದವರು ನಾವು. ನ್ಯಾಯಾಲಯಕ್ಕೆ ಆ ದಾರಿ ಇಲ್ಲ. ಅದು ಒಬ್ಬಳನ್ನೇ ಆರಿಸಬೇಕು.

ಈ ಜಗಳ ಕಾದಂಬರಿಗಿಂತ ಬಹಳ ಹಳೆಯದು. ಅಮೆರಿಕದ ಮೂಲನಿವಾಸಿ ಮಕ್ಕಳನ್ನು ಬಿಳಿಯರ ಮನೆಗಳಿಗೆ ದತ್ತು ಕೊಡುವ ಯೋಜನೆ 1958ರಲ್ಲಿ ಶುರುವಾಯಿತು. ಅಂಥ ಮಕ್ಕಳನ್ನು ಸಮುದಾಯದಿಂದ ಕೀಳಬಾರದೆಂಬ ಕಾನೂನು ಬರಲು 1978ರವರೆಗೆ ಕಾಯಬೇಕಾಯಿತು. ಕಪ್ಪು ಮಕ್ಕಳನ್ನು ಬಿಳಿಯರು ದತ್ತು ಪಡೆಯುವುದು 1971ರ ಹೊತ್ತಿಗೆ ವರ್ಷಕ್ಕೆ ಸುಮಾರು 2,500ಕ್ಕೆ ಮುಟ್ಟಿತ್ತು. ಮರುವರ್ಷ ಕಪ್ಪು ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ ಇದನ್ನು ಕಟುವಾಗಿ ವಿರೋಧಿಸಿತು. ಬಣ್ಣದ ಕಾರಣಕ್ಕೆ ಅವಮಾನ ಎದುರಾದಾಗ ಅದನ್ನು ತಾಳಿಕೊಳ್ಳುವ ವಿದ್ಯೆ ಆ ಮನೆಗಳಲ್ಲಿ ಸಿಗುವುದಿಲ್ಲ ಎಂಬುದು ಅವರ ಆತಂಕ. ಸಂಸ್ಥೆಗಳು ಹಿಂಜರಿದವು, ಸಂಖ್ಯೆ ಇಳಿಯಿತು.

ಗಂಟು ನಿಜವಾಗಿ ಬಿಗಿದದ್ದು ತೊಂಬತ್ತರ ದಶಕದಲ್ಲಿ. ಬಣ್ಣ ಹೊಂದುವ ಮನೆಗಾಗಿ ಕಾಯುತ್ತ ಮಕ್ಕಳು ತಾತ್ಕಾಲಿಕ ಪೋಷಣೆಯಲ್ಲೇ ವರ್ಷ ಕಳೆಯುತ್ತಿದ್ದಾರೆ ಎಂಬ ಕೊರಗು ನ್ಯಾಯವಾದದ್ದೇ ಆಗಿತ್ತು. ಒಹಾಯೊದವರೇ ಆದ ಸೆನೆಟರ್ ಹೋವರ್ಡ್ ಮೆಟ್ಜೆನ್‌ಬಾಮ್ ಮುಂದಿಟ್ಟ ಕಾನೂನು 1994ರಲ್ಲಿ ಜಾರಿಯಾಯಿತು: ಬಣ್ಣವೊಂದನ್ನೇ ನೋಡಿ ದತ್ತು ತಡೆಯುವಂತಿಲ್ಲ. 1996ರ ತಿದ್ದುಪಡಿ ಇನ್ನೂ ಬಿಗಿಯಾಯಿತು. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿತ್ತು. ಮಕ್ಕಳು ಯಾವ ಸಮುದಾಯಗಳಿಂದ ಬರುತ್ತಾರೋ ಆ ಸಮುದಾಯಗಳಲ್ಲೇ ದತ್ತು ಪಡೆಯುವ ಮನೆಗಳನ್ನು ರಾಜ್ಯಗಳು ಶ್ರದ್ಧೆಯಿಂದ ಹುಡುಕಬೇಕು ಎಂದು ಅದು ಹೇಳಿತ್ತು. ಈ ಅರ್ಧಭಾಗದ ಬಗ್ಗೆ ಚರ್ಚೆ ನಡೆದದ್ದು ತೀರಾ ಕಡಿಮೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಅದೇ.

1997ರಲ್ಲಿ ಇನ್ನೊಂದು ಕಾನೂನಿನ ಮೂಲಕ ಗಡಿಯಾರವೂ ಸೇರಿಕೊಂಡಿತು. ಮಗು 22 ತಿಂಗಳಲ್ಲಿ 15 ತಿಂಗಳು ಸರ್ಕಾರಿ ಪೋಷಣೆಯಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕು ರದ್ದುಪಡಿಸಲು ರಾಜ್ಯ ಅರ್ಜಿ ಹಾಕಬೇಕು. ಮಗುವಿಗೆ ನೆಲೆ ಬೇಗ ಸಿಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕೆಲಸ ಹುಡುಕಿ, ಬಾಡಿಗೆಗೆ ಮನೆ ಹಿಡಿದು, ಭಾಷೆ ಬಾರದ ಊರಿನಲ್ಲಿ ವಕೀಲರನ್ನು ಕಾಣಬೇಕಾದ ತಾಯಿಗೆ ಹದಿನೈದು ತಿಂಗಳು ಎಷ್ಟರದ್ದು?

ಇದು ಬರೀ ಕಥೆಯಲ್ಲ. ಟೆನೆಸ್ಸಿಯ ಮೆಂಫಿಸ್‌ನಲ್ಲಿ ಚೀನೀ ದಂಪತಿ 1999ರಲ್ಲಿ ಕಷ್ಟಕಾಲಕ್ಕೆಂದು ಎಳೆಮಗುವನ್ನು ಬಿಳಿಯ ಕುಟುಂಬವೊಂದರ ಪಾಲನೆಗೆ ಒಪ್ಪಿಸಿದರು. ಹಿಂತಿರುಗಿ ಪಡೆಯಲು ವರ್ಷಗಟ್ಟಲೆ ಅಲೆದರು. 2007ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅವರ ಪರ ತೀರ್ಪಿತ್ತಾಗ ಹುಡುಗಿಗೆ ಎಂಟು ವರ್ಷ ತುಂಬುವುದರಲ್ಲಿತ್ತು. ಹೆತ್ತವರು ಗೆದ್ದರು ಎನ್ನುವುದು ಕಾಗದದ ಮೇಲೆ ಸರಿ, ಆದರೆ ಆ ಎಂಟು ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

ಕಾದಂಬರಿಯಲ್ಲಿ ನ್ಯಾಯಾಧೀಶರು ಮಗುವನ್ನು ಸಾಕಿದವರಿಗೇ ಕೊಡುತ್ತಾರೆ. ಬೆಬೆ ರಾತ್ರೋರಾತ್ರಿ ಮಗುವನ್ನೆತ್ತಿಕೊಂಡು ಚೀನಾಕ್ಕೆ ಹೋಗಿಬಿಡುತ್ತಾಳೆ. ಬರಿದಾದ ಮನೆಯಲ್ಲಿ ಉಳಿದ ದಂಪತಿ ಇನ್ನೊಂದು ಮಗುವಿಗಾಗಿ ಅರ್ಜಿ ಹಾಕುತ್ತಾರೆ, ಅದೂ ಚೀನಾದಿಂದಲೇ. ಆ ಹಾದಿಯಲ್ಲಿ 1990ರ ದಶಕದಿಂದ ಅಮೆರಿಕದ ಮನೆಗಳನ್ನು ಸೇರಿದ ಮಕ್ಕಳು 80,000ಕ್ಕೂ ಹೆಚ್ಚು, ಬಹುಪಾಲು ಹೆಣ್ಣುಮಕ್ಕಳು. 2024ರ ಸೆಪ್ಟೆಂಬರ್‌ನಲ್ಲಿ ಚೀನಾ, ನೆಂಟರ ಮಕ್ಕಳನ್ನು ಪಡೆಯುವವರನ್ನು ಬಿಟ್ಟು ಉಳಿದವರಿಗೆ ಆ ಬಾಗಿಲು ಮುಚ್ಚಿತು. ಮೊದಲು ಹೋದವರು ಈಗ ಮೂವತ್ತರ ಆಸುಪಾಸಿನಲ್ಲಿದ್ದಾರೆ.